ಜಾಮೀನು ಹಾಕಿದ ಅಪ್ಪನಿಗೆ ಸಿವಿಲ್ ಜೈಲ್ ನೋಟಿಸ್: ವಿಶ್ವಸಂಸ್ಥೆಯ ಒಡಂಬಡಿಕೆ ನಮ್ಮ ತಾಲೂಕು ಕೋರ್ಟಲ್ಲಿ ನಡೆಯುತ್ತಾ?

ತುಂಗಭದ್ರೆ_ತೀರ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 67 ವರ್ಷ. ಬಸ್ ಸ್ಟ್ಯಾಂಡ್ ಹಿಂದೆ ಒಂದು ಸೈಕಲ್ ಶಾಪ್ ಇದೆ. ಈಗ ಸೈಕಲ್ ಬರೋದು ಕಡಿಮೆ, ಬೈಕ್ ಪಂಕ್ಚರ್ ಹಾಕುತ್ತಾರೆ. 2017ರಲ್ಲಿ ದೊಡ್ಡಪ್ಪನ ಮಗ ಲಗೇಜ್ ಆಟೊ ತಗೊಳ್ಳೋಕೆ ಒಂದು ಫೈನಾನ್ಸ್‌ನಲ್ಲಿ ಸಾಲ ಮಾಡಿದ, ಅಪ್ಪ ಜಾಮೀನು ಹಾಕಿದರು. ಅಣ್ಣ ಎರಡು ವರ್ಷ ಕಂತು ಕಟ್ಟಿದ. ಆಮೇಲೆ ಕೊರೊನಾ ಬಂತು, ಬಾಡಿಗೆ ನಿಂತಿತು, ಫೈನಾನ್ಸ್‌ನವರು ಆಟೊ ಎಳೆದುಕೊಂಡು ಹೋದರು, ಅಣ್ಣ ಊರು ಬಿಟ್ಟ. ಕೋರ್ಟಿಂದ ಸಮನ್ಸ್ ಬಂದಾಗ ಅಪ್ಪ "ಸಾಲ ನಂದಲ್ವಲ್ಲ" ಅಂತ ಸುಮ್ನೆ ಇದ್ದುಬಿಟ್ಟರು. ಡಿಕ್ರಿ, ಅಂದರೆ ಹಣ ಕಟ್ಟಬೇಕು ಅನ್ನೋ ತೀರ್ಪು, ಆಯಿತು. ಬಡ್ಡಿ ಸೇರಿ 1,84,000 ರೂಪಾಯಿ.

ಈಗ ಫೈನಾನ್ಸ್‌ನವರು ಇ.ಪಿ. (ಡಿಕ್ರಿ ಜಾರಿ ಮಾಡಿಸುವ ಅರ್ಜಿ) ಹಾಕಿದ್ದಾರೆ. ಹೋದ ವಾರ ಕೋರ್ಟಿನ ಅಮೀನರು ಬಂದು ನೋಟಿಸ್ ಕೊಟ್ಟು ಹೋಗಿದ್ದಾರೆ. "ನಿಮ್ಮನ್ನು ಸಿವಿಲ್ ಜೈಲಿಗೆ ಯಾಕೆ ಹಾಕಬಾರದು, ಬಂದು ಕಾರಣ ಹೇಳಿ" ಅಂತ ಅದರಲ್ಲಿದೆ. ಅಪ್ಪ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಂಕ್ಚರ್ ಪ್ಯಾಚ್ ಇಡುವ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಮೂರು ದಿನ ಯಾರಿಗೂ ಹೇಳಿರಲಿಲ್ಲ. ಅಮ್ಮ ಏನೋ ಹುಡುಕುವಾಗ ಸಿಕ್ಕಿತು.

ನನ್ನ ಗೆಳೆಯ ಒಬ್ಬ ಎಲ್‌ಎಲ್‌ಬಿ ಓದುತ್ತಿದ್ದಾನೆ. ಸಾಲ ಕಟ್ಟೋಕೆ ಆಗದವರನ್ನ ಜೈಲಿಗೆ ಹಾಕಬಾರದು ಅಂತ ವಿಶ್ವಸಂಸ್ಥೆಯ ಒಡಂಬಡಿಕೆ ಇದೆ, ಭಾರತ ಅದಕ್ಕೆ ಸೇರಿದೆ ಅಂದ. ನಮ್ಮೂರಿನ ವಕೀಲರನ್ನು ಕೇಳಿದರೆ "ಅದೆಲ್ಲ ಡೆಲ್ಲೀಲಿ ಇಟ್ಕೊಳ್ಳಿ, ಇಲ್ಲಿ ನಡೆಯೋದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ)" ಅಂದರು. ಯಾರು ಹೇಳಿದ್ದು ಸರಿ? ವಾಯಿದೆಗೆ 12 ದಿನ ಇದೆ.

ಬಯಲುಸೀಮೆ_ಬಸವ:
ಯಾರಿಗೂ ಜಾಮೀನು ಹಾಕಬಾರದು ಅಂತ ನಮ್ಮಜ್ಜ ಯಾವಾಗಲೂ ಹೇಳೋರು.

ಕಾಫಿ_ಸಾಕು:
ಬಸವಣ್ಣ, ಹಾಕಿ ಆಗಿದೆ. ಈಗ ಏನು ಮಾಡೋದು ಅಂತ ಕೇಳ್ತಿದ್ದಾರೆ ಅವರು.

ಕೋರ್ಟ್_ಹಾಲ್_3:
ನೋಡಿ ತಮ್ಮಾ, ಮೊದಲು ಗಾಬರಿ ಬಿಡಿ. 19 ವರ್ಷದಿಂದ ಸಿವಿಲ್ ಕೋರ್ಟಲ್ಲೇ ಇದ್ದೇನೆ. ನಿಮ್ಮಪ್ಪನಿಗೆ ಬಂದಿರೋದು ಸಿಪಿಸಿಯ ಆರ್ಡರ್ 21 ರೂಲ್ 37ರ ನೋಟಿಸ್. ಅದು ಇನ್ನೂ ವಾರಂಟ್ ಆಗಿಲ್ಲ. ಆದರೆ ಆ ದಿನ ಹೋಗಲೇಬೇಕು. ಹೋಗದೆ ಇದ್ದರೆ ಮುಂದಿನದು ವಾರಂಟೇ. ಸಮನ್ಸ್ ಬಂದಾಗ ಸುಮ್ಮನೆ ಕೂತ ಹಾಗೆ ಈಗಲೂ ಕೂರಬೇಡಿ.

ನಿಮ್ಮ ಗೆಳೆಯ ಹೇಳಿದ್ದೂ ಸರಿ, ವಕೀಲರು ಹೇಳಿದ್ದೂ ಅರ್ಧ ಸರಿ. ಒಡಂಬಡಿಕೆಯ ಹೆಸರು ಐಸಿಸಿಪಿಆರ್, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ. ವಿಶ್ವಸಂಸ್ಥೆ 1966ರಲ್ಲಿ ಒಪ್ಪಿದ್ದು, ಭಾರತ ಸೇರಿದ್ದು 1979ರ ಏಪ್ರಿಲ್ 10ಕ್ಕೆ. ಅದರ 11ನೇ ವಿಧಿ ಒಂದೇ ಸಾಲು: ಕರಾರಿನ ಹಣ ಕಟ್ಟಲು ಆಗಲಿಲ್ಲ ಅನ್ನೋ ಕಾರಣ ಒಂದಕ್ಕೇ ಯಾರನ್ನೂ ಜೈಲಿಗೆ ಹಾಕಬಾರದು. ಮರು ವರ್ಷವೇ, 1980ರ ಫೆಬ್ರವರಿಯಲ್ಲಿ, ಇದು ಸುಪ್ರೀಂ ಕೋರ್ಟಿಗೆ ಬಂತು. ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚಿನ್. ತೀರ್ಪು ಹುಡುಕೋಕೆ ಬರೆದುಕೊಳ್ಳಿ, ಎಐಆರ್ 1980 ಎಸ್‌ಸಿ 470. ಅಲ್ಲೂ ಡಿಕ್ರಿ, ಅಲ್ಲೂ ಅರೆಸ್ಟ್ ವಾರಂಟ್.

ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮೊದಲು ಹೇಳಿದ್ದು ನಿಮ್ಮೂರಿನ ವಕೀಲರ ಮಾತನ್ನೇ. ಸರ್ಕಾರ ಒಡಂಬಡಿಕೆಗೆ ಸೇರಿತು ಅಂದಮಾತ್ರಕ್ಕೆ ಅದು ನಮ್ಮ ದೇಶದ ಕಾನೂನು ಆಗಲ್ಲ, ಪಾರ್ಲಿಮೆಂಟ್ ಕಾಯ್ದೆ ಮಾಡಬೇಕು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಸಿಪಿಸಿಯ ಸೆಕ್ಷನ್ 51 ಕೈಗೆ ತಗೊಂಡು, ಅದನ್ನು ಈ 11ನೇ ವಿಧಿ ಮತ್ತು ಜೀವ, ಸ್ವಾತಂತ್ರ್ಯ ಕಾಪಾಡುವ ಸಂವಿಧಾನದ 21ನೇ ವಿಧಿ ಜೊತೆ ಇಟ್ಟು ಓದಿದರು. ಸೆಕ್ಷನ್ 51ರಲ್ಲಿ "ಡಿಕ್ರಿ ಆದ ಮೇಲೆ ಕಟ್ಟುವ ಶಕ್ತಿ ಇದೆ ಅಥವಾ ಇತ್ತು, ಆದರೂ ಕಟ್ಟಿಲ್ಲ" ಅಂದರೆ ಜೈಲಿಗೆ ಹಾಕಬಹುದು ಅಂತಿದೆ. ಆ "ಇತ್ತು" ಅನ್ನೋ ಪದ ಹಿಡಿದು ಎಷ್ಟೋ ಜನರನ್ನು ಒಳಗೆ ಹಾಕಿಸಬಹುದಿತ್ತು. ಕೃಷ್ಣ ಅಯ್ಯರ್ ಅದಕ್ಕೆ ಬೇಲಿ ಹಾಕಿದರು. ಹಿಂದೆ ಯಾವಾಗಲೋ ದುಡ್ಡಿತ್ತು ಅಂದರೆ ಸಾಲದು, ಈಗ ಶಕ್ತಿ ಇದ್ದೂ ಕೊಡ್ತಿಲ್ಲ ಅಥವಾ ಕೆಟ್ಟ ಮನಸ್ಸಿಂದ ತಪ್ಪಿಸಿದ್ದಾನೆ ಅಂತ ತೋರಿಸಬೇಕು. ಕೇಸನ್ನು ಕೆಳಗಿನ ಕೋರ್ಟಿಗೇ ವಾಪಸ್ ಕಳಿಸಿ, ಸಾಲಗಾರರ ಈಗಿನ ಸ್ಥಿತಿ ಏನು ಅಂತ ವಿಚಾರಣೆ ಮಾಡಿ ಅಂದರು.

ಹಾಗಾಗಿ ಐಸಿಸಿಪಿಆರ್ ಒಂದನ್ನೇ ಕೈಲಿ ಹಿಡ್ಕೊಂಡು ಹೋದರೆ ನಡೆಯಲ್ಲ. ಸೆಕ್ಷನ್ 51 ಮುಂದೆ ಇಡಿ, ಈ ತೀರ್ಪು ಅದರ ಹಿಂದೆ ಇಡಿ. ಅಂಗಡಿ ಬಾಡಿಗೆ ಚೀಟಿ, ಬ್ಯಾಂಕ್ ಪಾಸ್‌ಬುಕ್, ಔಷಧಿ ಬಿಲ್, ರೇಷನ್ ಕಾರ್ಡ್ ಎಲ್ಲ ತಗೊಂಡು ಆಕ್ಷೇಪಣೆ ಜೊತೆ ಅಫಿಡವಿಟ್ ಹಾಕಿಸಿ. ಕಟ್ಟುವ ಶಕ್ತಿ ಇದೆ ಅಂತ ಮೊದಲು ತೋರಿಸಬೇಕಾದವರು ಡಿಕ್ರಿದಾರರು, ಅಂದರೆ ಫೈನಾನ್ಸ್‌ನವರು.

ಕಾಫಿ_ಸಾಕು:
ಇಂಥ ಉತ್ತರಕ್ಕೇ ನಾನು ಇಲ್ಲಿಗೆ ಬರೋದು. ಧನ್ಯವಾದ ಸರ್.

ಶೆಟ್ರು_ಕುಂದಾಪುರ:
ಎಲ್ಲ ಸರಿ. ಸಾಲ ಕೊಟ್ಟವನ ಕಥೆ ಯಾರೂ ಕೇಳುವುದಿಲ್ಲ ಮಾರಾಯ್ರೆ. ನಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಒಬ್ಬ ಕಂಟ್ರಾಕ್ಟರ್ ಮೂರು ಲಕ್ಷದ ಮಾಲು ತೆಗೊಂಡು ಹೋದ. ಡಿಕ್ರಿ ಆಯ್ತು. ಕೋರ್ಟಿಗೆ ಬಂದು ಕೈ ಮುಗಿದು "ಏನೂ ಇಲ್ಲ ಸ್ವಾಮಿ" ಅಂದ. ಅದೇ ವರ್ಷ ಹೆಂಡತಿ ಹೆಸರಲ್ಲಿ ಎರಡಂತಸ್ತಿನ ಮನೆ ಎದ್ದಿತು, ಗೃಹಪ್ರವೇಶದ ಕಾಗದ ನನಗೂ ಬಂತು. ಇಂಥವರಿಗೂ ವಿಶ್ವಸಂಸ್ಥೆ ರಕ್ಷಣೆ ಉಂಟಾ? ಹಾಗಾದರೆ ಚೆಕ್ ಬೌನ್ಸ್ ಆದವರನ್ನು ಹೇಗೆ ಜೈಲಿಗೆ ಹಾಕುತ್ತಾರೆ?

ಕೋರ್ಟ್_ಹಾಲ್_3:
ಶೆಟ್ರೇ, ನಿಮ್ಮ ಕಂಟ್ರಾಕ್ಟರಿಗೆ ರಕ್ಷಣೆ ಇಲ್ಲ. ಸೆಕ್ಷನ್ 51ರಲ್ಲೇ ಇದೆ, ಮೋಸದಿಂದ ಆಸ್ತಿ ಬೇರೆಯವರ ಹೆಸರಿಗೆ ಮಾಡಿದವರು, ಊರು ಬಿಟ್ಟು ಓಡುವವರು, ದುಡ್ಡಿದ್ದೂ ಕೊಡದವರು, ಇವರನ್ನೆಲ್ಲ ಹಾಕಬಹುದು. ಆ ಗೃಹಪ್ರವೇಶದ ಕಾಗದ, ಮನೆಗೆ ದುಡ್ಡು ಎಲ್ಲಿಂದ ಬಂತು ಅನ್ನೋ ದಾಖಲೆ, ಇದನ್ನೆಲ್ಲ ಕೋರ್ಟಿಗೆ ಕೊಟ್ಟಿದ್ರಾ? 11ನೇ ವಿಧಿ ಇರೋದು ಕಟ್ಟಲು ಆಗದವರಿಗೆ. ಕಟ್ಟಲು ಮನಸ್ಸಿಲ್ಲದವರಿಗೆ ಅದು ಸಿಗಲ್ಲ.

ಚೆಕ್ ಬೌನ್ಸ್ ಬೇರೆ ವಿಷಯ. ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ಕೆಳಗೆ ಅಪರಾಧ, ಕ್ರಿಮಿನಲ್ ಕೇಸ್. ಎರಡನ್ನೂ ಕಲಸಬೇಡಿ.

ಶೆಟ್ರು_ಕುಂದಾಪುರ:
ಆ ಕಾಗದ ಕೊಟ್ಟಿರಲಿಲ್ಲ. ನಮ್ಮ ವಕೀಲರು ಕೇಳಲೂ ಇಲ್ಲ.

ಲಾ_ಓದ್ತಿರೋಳು:
ನಾನು ಕೊನೇ ವರ್ಷದ ವಿದ್ಯಾರ್ಥಿನಿ. ಕೋರ್ಟ್ ಹಾಲ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಬೆಳೆಸಬೇಕು ಅಂತ ಸಂವಿಧಾನದ 51(ಸಿ) ಹೇಳುತ್ತೆ, ಆದರೆ ಅದು ನಿರ್ದೇಶಕ ತತ್ವ, ಕೋರ್ಟಲ್ಲಿ ನೇರವಾಗಿ ಜಾರಿ ಮಾಡಿಸೋಕೆ ಆಗಲ್ಲ. ಒಪ್ಪಂದವನ್ನು ಜಾರಿಗೆ ತರೋ ಕಾಯ್ದೆ ಮಾಡುವ ಅಧಿಕಾರ 253ನೇ ವಿಧಿಯಲ್ಲಿ ಪಾರ್ಲಿಮೆಂಟಿಗೆ ಇದೆ. ನಮ್ಮ ಕಾಯ್ದೆಗೂ ಅಂತರರಾಷ್ಟ್ರೀಯ ಕಾನೂನಿಗೂ ನೇರವಾಗಿ ಡಿಕ್ಕಿ ಆದರೆ ನಮ್ಮ ಕಾಯ್ದೆಯೇ ಗೆಲ್ಲುತ್ತೆ ಅಂತ 1984ರ ಗ್ರಾಮಫೋನ್ ಕಂಪನಿ ಕೇಸಲ್ಲಿ ಹೇಳಿದ್ದಾರೆ. ಡಿಕ್ಕಿ ಇಲ್ಲ, ಕಾಯ್ದೆಯೇ ಇಲ್ಲ ಅಂದಾಗ ಏನು ಮಾಡೋದು? ಅದಕ್ಕೆ 1997ರ ವಿಶಾಖಾ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳಕ್ಕೆ ಆಗ ನಮ್ಮಲ್ಲಿ ಪ್ರತ್ಯೇಕ ಕಾನೂನು ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯ ತೊಡೆಯುವ ಒಡಂಬಡಿಕೆಗೆ ಭಾರತ 1993ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ನಮ್ಮ ಸಂವಿಧಾನದ 14, 19, 21ನೇ ವಿಧಿಗಳ ಜೊತೆ ಓದಿ ಮಾರ್ಗಸೂಚಿ ಮಾಡಿತು, ಕಾಯ್ದೆ ಬರೋವರೆಗೆ ಇದೇ ಕಾನೂನು ಅಂದಿತು. ಕಾಯ್ದೆ ಬಂದಿದ್ದು 2013ಕ್ಕೆ. 16 ವರ್ಷ!

ಪೀಣ್ಯದ_ಅಕ್ಕ:
ಆ 16 ವರ್ಷದಲ್ಲಿ ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇದ್ದೆ. 2006ರಲ್ಲಿ ಹೊರದೇಶದ ಬಯ್ಯರ್‌ಗಳು ನೋಡೋಕೆ ಬರ್ತಾರೆ ಅಂತ ಗೋಡೆಗೆ ಒಂದು ದೂರಿನ ಡಬ್ಬಿ ಹೊಡೆದರು. ಅದರ ಬೀಗದ ಕೈ ಇದ್ದಿದ್ದು ನಮ್ಮ ಲೈನ್ ಸೂಪರ್‌ವೈಸರ್ ಹತ್ರ. ದೂರು ಇದ್ದಿದ್ದೇ ಅವನ ಮೇಲೆ! ಯಾರು ಚೀಟಿ ಹಾಕ್ತಾರೆ ಹೇಳಿ?

ಆಮೇಲೆ ಒಬ್ಬರು ಯೂನಿಯನ್ ಮೇಡಂ ಗೇಟ್ ಹತ್ರ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಹಂಚಿದರು. ವಿಶಾಖಾ ಅನ್ನೋ ಹೆಸರು ನಾನು ಮೊದಲು ಓದಿದ್ದು ಅಲ್ಲೇ. ಕಮಿಟಿಗೆ ಹೆಂಗಸೇ ಮುಖ್ಯಸ್ಥೆ ಆಗಬೇಕು, ಅರ್ಧಕ್ಕಿಂತ ಕಮ್ಮಿ ಹೆಂಗಸರು ಇರಬಾರದು, ಹೊರಗಿನವರು ಒಬ್ಬರು ಇರಬೇಕು ಅಂತಿತ್ತು. ಆ ಹಾಳೆ ಹಿಡ್ಕೊಂಡು ಹನ್ನೊಂದು ಜನ ಎಚ್‌ಆರ್ ರೂಮಿಗೆ ಹೋದೆವು. ಕಮಿಟಿ ಆಗೋಕೆ ಎಂಟು ತಿಂಗಳು ಹಿಡಿಯಿತು. ಅವನನ್ನ ಕೆಲಸದಿಂದ ತೆಗೀಲಿಲ್ಲ, ಬೇರೆ ಯೂನಿಟ್‌ಗೆ ಹಾಕಿದರು. ಅಷ್ಟಾದರೂ ಆಯ್ತು. ವಿಶ್ವಸಂಸ್ಥೆಯ ಒಪ್ಪಂದ ಅದರ ಹಿಂದೆ ಇತ್ತು ಅಂತ ನನಗೆ ಗೊತ್ತಾಗಿದ್ದು ಇವತ್ತು, ಈ ಹುಡುಗಿ ಬರೆದ ಮೇಲೆ.

ಲಾ_ಓದ್ತಿರೋಳು:
ಅಕ್ಕಾ, ನಮ್ಮ ಕ್ಲಾಸಲ್ಲಿ ವಿಶಾಖಾ ಎರಡು ಸಲ ಪಾಠ ಆಗಿದೆ. ಬೀಗದ ಕೈ ಯಾರ ಹತ್ರ ಇತ್ತು ಅಂತ ಯಾರೂ ಕೇಳಿಲ್ಲ. ನಿಮ್ಮ ಒಪ್ಪಿಗೆ ಇದ್ದರೆ ಇದನ್ನ ಕ್ಲಾಸಲ್ಲಿ ಹೇಳ್ತೀನಿ.

ಪೀಣ್ಯದ_ಅಕ್ಕ:
ಧಾರಾಳವಾಗಿ ಹೇಳಮ್ಮ.

ನಂಬೋದು_ಹೇಗೆ:
ವಿಶಾಖಾ ಎಲ್ಲರೂ ಹೇಳ್ತಾರೆ. ಉಳಿದದ್ದೂ ಹೇಳಿ. ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಇವತ್ತಿಗೂ ಅಂಗೀಕರಿಸಿಲ್ಲ, ಅಂದರೆ ಪಾಲಿಸೋ ಬಾಧ್ಯತೆ ಒಪ್ಪಿಕೊಂಡಿಲ್ಲ. 2010ರಲ್ಲಿ ಲೋಕಸಭೆ ಒಂದು ಮಸೂದೆ ಪಾಸ್ ಮಾಡಿತು, ರಾಜ್ಯಸಭೆ ಸೆಲೆಕ್ಟ್ ಕಮಿಟಿಗೆ ಕಳಿಸಿತು, ಅಲ್ಲಿಗೆ ಮುಗೀತು. ಕಾಯ್ದೆ ಮಾಡಿ ಅಂತ ಸರ್ಕಾರಕ್ಕೆ ಹೇಳಿ ಎಂದು ಹಿಂದಿನ ಕಾನೂನು ಸಚಿವ ಅಶ್ವನಿ ಕುಮಾರ್ ಅವರು ಸುಪ್ರೀಂ ಕೋರ್ಟಿಗೆ ಹೋದರೆ, 2019ರಲ್ಲಿ ಅದು ನಮ್ಮ ಕೆಲಸ ಅಲ್ಲ ಅಂದರು. ರೋಹಿಂಗ್ಯಾ ನಿರಾಶ್ರಿತರನ್ನು ವಾಪಸ್ ಕಳಿಸಬೇಡಿ ಅಂತ ಕೇಳಿದಾಗ 2021ರಲ್ಲಿ ತಡೆ ಕೊಡಲಿಲ್ಲ, ಭಾರತ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅನ್ನೋದೂ ಅಲ್ಲಿ ಚರ್ಚೆಗೆ ಬಂತು. ನ್ಯಾಯಾಧೀಶರಿಗೆ ಬೇಕಾದಾಗ ಒಡಂಬಡಿಕೆ ಬೆಳಕು, ಬೇಡವಾದಾಗ ಬರೀ ಕಾಗದ. ಪಾರ್ಲಿಮೆಂಟ್ ಮಾಡದೇ ಇರೋ ಕಾನೂನನ್ನು ಕೋರ್ಟ್ ಮಾಡೋದೂ ಸರಿಯಾ? ನಾವು ಓಟು ಹಾಕಿದ್ದು ಯಾರಿಗೆ?

ಲಾ_ಓದ್ತಿರೋಳು:
ಕೋರ್ಟುಗಳು ಒಂದೇ ಅಳತೆ ಇಟ್ಟುಕೊಂಡಿಲ್ಲ ಅನ್ನೋದು ಒಪ್ಪುತ್ತೇನೆ. ರೋಹಿಂಗ್ಯಾ ಆದೇಶ ಓದಿದಾಗ ನನಗೂ ಬೇಜಾರಾಯ್ತು. ಆದರೆ ನಿಮ್ಮ ಎರಡು ಮಾತು ಒಂದಕ್ಕೊಂದು ಹೊಂದಲ್ಲ. ಚಿತ್ರಹಿಂಸೆ ವಿಷಯಕ್ಕೆ ಕೋರ್ಟ್ ಜಾಸ್ತಿ ಮಾಡಬೇಕಿತ್ತು ಅಂತೀರಿ, ವಿಶಾಖಾದಲ್ಲಿ ಜಾಸ್ತಿ ಮಾಡಿತು ಅಂತೀರಿ. ಯಾವುದು?

ನಂಬೋದು_ಹೇಗೆ:
ಎರಡರಲ್ಲೂ ಕಾಯ್ದೆ ಮಾಡಬೇಕಾದವರು ಮಾಡಲಿಲ್ಲ ಅಂತೀನಿ. ಕೋರ್ಟ್ ಕೈ ಹಾಕಿದ ಕಡೆ ಬಡವರಿಗೆ ಸಿಕ್ಕಿತು, ಹಾಕದ ಕಡೆ ಸಿಗಲಿಲ್ಲ. ಇದನ್ನ ಹಕ್ಕು ಅಂತ ನನಗೆ ಕರೆಯೋಕೆ ಆಗಲ್ಲ.

ಹಳೇ_ಪೇಪರ್:
ಇದೇ ಜಗಳವನ್ನು ದೊಡ್ಡವರು ನಮ್ಮ ಬೆಂಗಳೂರಲ್ಲೇ ಕೂತು ಮಾತಾಡಿದ್ದರು. ದೇಶ ದೇಶದ ಕೋರ್ಟುಗಳಲ್ಲಿ ಮಾನವ ಹಕ್ಕುಗಳ ಒಪ್ಪಂದವನ್ನು ಹೇಗೆ ಬಳಸಬೇಕು ಅಂತ ಅಲ್ಲಿ ಹೊರಟಿದ್ದೇ ಬೆಂಗಳೂರು ತತ್ವಗಳು. 2002 ಅಂತ ನೆನಪು.

ಲಾ_ಓದ್ತಿರೋಳು:
ಸರ್, ಚಿಕ್ಕ ತಿದ್ದುಪಡಿ. 2002ರದ್ದು ನ್ಯಾಯಾಧೀಶರ ನಡವಳಿಕೆಯ ಬೆಂಗಳೂರು ತತ್ವಗಳು. ನೀವು ಹೇಳ್ತಿರೋದು 1988ರ ಫೆಬ್ರವರಿಯದು. ಕರೆದವರು ನಮ್ಮ ಸುಪ್ರೀಂ ಕೋರ್ಟಿನ ಹಿಂದಿನ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ. ನ್ಯಾಯಾಧೀಶರಾದ ಆಸ್ಟ್ರೇಲಿಯಾದ ಮೈಕೆಲ್ ಕಿರ್ಬಿ, ಜಿಂಬಾಬ್ವೆಯ ಡುಂಬುಚೆನಾ ಬಂದಿದ್ದರು. ಅಮೆರಿಕದಿಂದ ರೂತ್ ಬೇಡರ್ ಗಿನ್ಸ್‌ಬರ್ಗ್ ಬಂದಿದ್ದರು, ಆಗ ಅವರು ಇನ್ನೂ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿರಲಿಲ್ಲ. ದೇಶದ ಕಾನೂನು ಸ್ಪಷ್ಟ ಇಲ್ಲದ ಕಡೆ, ತುಂಬದೆ ಬಿಟ್ಟ ಕಡೆ, ಅಂತರರಾಷ್ಟ್ರೀಯ ಹಕ್ಕುಗಳನ್ನು ನೋಡಿ ಅರ್ಥ ಮಾಡಿ. ಸ್ಪಷ್ಟವಾಗಿ ವಿರುದ್ಧ ಇದ್ದರೆ ದೇಶದ ಕಾನೂನನ್ನೇ ಪಾಲಿಸಿ, ಆದರೆ ವಿರುದ್ಧ ಇದೆ ಅಂತ ಎತ್ತಿ ಹೇಳಿ. ಅದರ ಸಾರ ಇಷ್ಟು.

ಹಳೇ_ಪೇಪರ್:
ಸರಿಯಮ್ಮ, ತಿದ್ದಿದ್ದಕ್ಕೆ ಸಂತೋಷ. ಭಗವತಿ ಅಂದಾಗ ನನಗೆ 1976 ನೆನಪಾಗುತ್ತೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಬೆಂಗಳೂರಲ್ಲಿ ಬಂಧನ ಆದರು, ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ (ಬಂಧನವನ್ನು ಪ್ರಶ್ನಿಸುವ ಅರ್ಜಿ) ಹಾಕಿದರು. ಇಂಥ ಅರ್ಜಿ ಕೇಳಬಹುದು ಅಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಸುಪ್ರೀಂ ಕೋರ್ಟಲ್ಲಿ ಐವರಲ್ಲಿ ನಾಲ್ವರು ಕೇಳೋಹಾಗಿಲ್ಲ ಅಂದರು. ಆ ನಾಲ್ವರಲ್ಲಿ ಭಗವತಿಯೂ ಒಬ್ಬರು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಬೇರೆ ಬರೆದರು. ಎರಡು ಅರ್ಥ ಬರೋ ಹಾಗಿದ್ದರೆ ಅಂತರರಾಷ್ಟ್ರೀಯ ಕಾನೂನಿಗೆ ಹೊಂದುವ ಅರ್ಥವನ್ನೇ ಹಿಡಿಯಬೇಕು ಅಂತ ಅವರ ತೀರ್ಪಲ್ಲೂ ಇದೆ, ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನೂ ಎತ್ತಿದ್ದಾರೆ. ಹನ್ನೆರಡು ವರ್ಷ ಆದ ಮೇಲೆ ಅದೇ ಮಾತನ್ನು ಹೇಳೋಕೆ ಭಗವತಿ ಬೆಂಗಳೂರಿಗೆ ಬಂದರು. 2011ರಲ್ಲಿ ಅಂದಿನ ತೀರ್ಪು ತಪ್ಪಾಯಿತು ಅಂತ ಒಪ್ಪಿಕೊಂಡರು. ತುರ್ತು ಪರಿಸ್ಥಿತಿ ಕಾಲದಲ್ಲಿ ಕಾಲೇಜಿನಲ್ಲಿದ್ದ ನಮ್ಮಂಥವರಿಗೆ ಅದು ಮರೆಯೋ ವಿಷಯ ಅಲ್ಲ.

ಮೈಸೂರ್_ಮಲ್ಲಿಗೆ:
ಆ 1976ರ ತೀರ್ಪನ್ನು ತಳ್ಳಿಹಾಕಿದ್ದು 2017ರ ಆಗಸ್ಟ್ 24ಕ್ಕೆ, ಖಾಸಗಿತನದ ಕೇಸಲ್ಲಿ. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲೂ ಐಸಿಸಿಪಿಆರ್ 17ನೇ ವಿಧಿ ಬಂದಿದೆ. ಒಂಬತ್ತು ಜನ ನ್ಯಾಯಮೂರ್ತಿಗಳು!

ಕೋರ್ಟ್_ಹಾಲ್_3:
ನಮ್ಮವರ ಹೆಸರು ಬಂತು ಅಂತ ಇನ್ನೊಂದು. 1993ರ ನೀಲಬತಿ ಬೆಹೆರಾ ಕೇಸ್. ಒಡಿಶಾದಲ್ಲಿ 22 ವರ್ಷದ ಮಗ ಪೊಲೀಸ್ ವಶದಲ್ಲಿದ್ದವನು ರೈಲು ಹಳಿ ಮೇಲೆ ಹೆಣವಾಗಿ ಸಿಕ್ಕ. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು, ಅದನ್ನೇ ಅರ್ಜಿ ಅಂತ ತಗೊಂಡರು. ಒಂದೂವರೆ ಲಕ್ಷ ಪರಿಹಾರ ಕೊಡಿಸಿದರು. ಅಕ್ರಮ ಬಂಧನಕ್ಕೆ ಪರಿಹಾರ ಸಿಗಬೇಕು ಅನ್ನೋ ಐಸಿಸಿಪಿಆರ್ 9(5) ವಿಧಿಯನ್ನು ಅಲ್ಲಿ ಎತ್ತಿದ್ದಾರೆ, ಭಾರತ ಸೇರುವಾಗ ಆ ವಿಧಿಗೆ ತಕರಾರು ಹಾಕಿದ್ದರೂ! ಆ ಪೀಠದಲ್ಲಿ ನಮ್ಮ ಎನ್. ವೆಂಕಟಾಚಲ ಇದ್ದರು, ಆಮೇಲೆ ಲೋಕಾಯುಕ್ತರಾದವರು. ಕೋರ್ಟ್ ಮನಸ್ಸು ಮಾಡಿದರೆ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ಹೇಳಿದೆ. "ನಂಬೋದು ಹೇಗೆ" ಅವರ ಸಿಟ್ಟು ನನಗೂ ಅರ್ಥ ಆಗುತ್ತೆ, ಆದರೆ ಆ ತಾಯಿಗೆ ಅವತ್ತು ಬೇರೆ ದಾರಿ ಯಾವುದಿತ್ತು?

ಲೀಡ್ಸ್_ಕನ್ನಡಿಗ:
ಇಲ್ಲಿ ಬ್ರಿಟನ್‌ನಲ್ಲೂ ನಿಯಮ ಅದೇ, ಒಪ್ಪಂದ ತಾನಾಗೇ ಕಾನೂನಲ್ಲ. ಅದಕ್ಕೆ 1998ರಲ್ಲಿ ಮಾನವ ಹಕ್ಕು ಕಾಯ್ದೆ ಮಾಡಿ ಯುರೋಪಿನ ಒಡಂಬಡಿಕೆಯನ್ನು ಒಳಗೆ ತಂದರು. ಈಗ ಸಣ್ಣ ಕೋರ್ಟಲ್ಲೂ ನೇರವಾಗಿ ವಾದ ಮಾಡಬಹುದು. ಪಾರ್ಲಿಮೆಂಟಿನ ಕಾಯ್ದೆಯನ್ನು ಮಾತ್ರ ಕೋರ್ಟ್ ರದ್ದು ಮಾಡೋಹಾಗಿಲ್ಲ, "ಇದು ಹಕ್ಕುಗಳಿಗೆ ಹೊಂದಲ್ಲ" ಅಂತ ಮೇಲಿನ ಕೋರ್ಟುಗಳು ಘೋಷಿಸಬಹುದು. 2004ರ ಡಿಸೆಂಬರಲ್ಲಿ ಬೆಲ್‌ಮಾರ್ಷ್ ಕೇಸಲ್ಲಿ ಹಾಗೇ ಆಯ್ತು. ವಿದೇಶಿಯರನ್ನು ವಿಚಾರಣೆ ಇಲ್ಲದೆ ಕೂಡಿಹಾಕುವ ಕಾಯ್ದೆ ಹೊಂದಲ್ಲ ಅಂದರು, ಮರು ವರ್ಷ ಪಾರ್ಲಿಮೆಂಟ್ ಅದನ್ನು ಬದಲಾಯಿಸಿತು. ಸಾಲಕ್ಕೆ ಜೈಲು ಬೇಡ ಅನ್ನೋ ಸಾಲು ಯುರೋಪಿನ ಒಡಂಬಡಿಕೆಯ 4ನೇ ಪ್ರೊಟೊಕಾಲ್‌ನಲ್ಲಿ (ಪೂರಕ ಒಪ್ಪಂದ) ಇದೆ. ಬ್ರಿಟನ್ ಸಹಿ ಹಾಕಿದೆ, ಅಂಗೀಕರಿಸಿಲ್ಲ! ಎಲ್ಲ ಕಡೆ ಹೀಗೇ ಒಂದೊಂದು ಬಾಕಿ ಇರುತ್ತೆ.

ಬಯಲುಸೀಮೆ_ಬಸವ:
ಹಂಗಾದ್ರೆ ನೇರವಾಗಿ ವಿಶ್ವಸಂಸ್ಥೆಗೇ ದೂರು ಕೊಡಬಹುದಲ್ಲ? ಇಲ್ಲಾ ಮಾನವ ಹಕ್ಕು ಆಯೋಗಕ್ಕೆ?

ಲಾ_ಓದ್ತಿರೋಳು:
ಜಿನೀವಾದ ಮಾನವ ಹಕ್ಕು ಸಮಿತಿಗೆ ಒಬ್ಬ ವ್ಯಕ್ತಿ ದೂರು ಕೊಡಬೇಕಾದರೆ ಆ ದೇಶ ಐಸಿಸಿಪಿಆರ್‌ನ ಮೊದಲ ಐಚ್ಛಿಕ ಪ್ರೊಟೊಕಾಲ್‌ಗೆ ಸೇರಿರಬೇಕು. ಭಾರತ ಸೇರಿಲ್ಲ. ಆಯೋಗ ಶಿಫಾರಸು ಮಾಡುತ್ತೆ, ಕೋರ್ಟಿನ ಡಿಕ್ರಿ ನಿಲ್ಲಿಸೋಕೆ ಅದಕ್ಕೆ ಆಗಲ್ಲ. ಹಾಗಾಗಿ ತಾಲೂಕು ಕೋರ್ಟೇ ಗತಿ.

ತುಂಗಭದ್ರೆ_ತೀರ:
ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಕೇಳ್ತಿದ್ದಾರೆ, ಅವರನ್ನೂ ಹಿಡಿಯುತ್ತಾರಾ ಅಂತ. ಇನ್ನೊಂದು, ಅಂಗಡಿಯ ಪಂಪು, ಪಾನಾ, ಕಂಪ್ರೆಸರ್ ಎಲ್ಲ ಜಪ್ತಿ ಮಾಡ್ತಾರಾ?

ಕೋರ್ಟ್_ಹಾಲ್_3:
ಅಮ್ಮನ ಮೇಲೆ ಡಿಕ್ರಿಯೇ ಇಲ್ಲ. ಇದ್ದರೂ ಹಣದ ಡಿಕ್ರಿಗೆ ಹೆಂಗಸರನ್ನು ಹಿಡಿಯೋಹಾಗಿಲ್ಲ, ಸೆಕ್ಷನ್ 56. ಸೂರ್ಯ ಮುಳುಗಿದ ಮೇಲೆ, ಹುಟ್ಟೋ ಮೊದಲು ಯಾರೂ ಮನೆಯೊಳಗೆ ಬರೋಹಾಗಿಲ್ಲ, ಸೆಕ್ಷನ್ 55. ಕಸುಬಿನ ಉಪಕರಣಕ್ಕೆ ಸೆಕ್ಷನ್ 60ರಲ್ಲಿ ರಕ್ಷಣೆ ಇದೆ. ಪಂಪು, ಪಾನಾ ಇಲ್ಲದೆ ಅವರ ಕಸುಬೇ ಇಲ್ಲ ಅಂತ ವಾದ ಮಾಡಿ. ಕಂಪ್ರೆಸರ್‌ಗೆ ಎದುರು ಕಡೆಯವರು ತಕರಾರು ಮಾಡಬಹುದು. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುತ್ತೆ, "ಸಾಲ ನಂದಲ್ಲ" ಅನ್ನೋ ಮಾತನ್ನು ಮಾತ್ರ ಅಲ್ಲಿ ಆಡಬೇಡಿ. ವಕೀಲರ ಫೀಸು ಕಷ್ಟ ಆದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅದೇ ಕೋರ್ಟ್ ಆವರಣದಲ್ಲಿ ಇರುತ್ತೆ.

ತುಂಗಭದ್ರೆ_ತೀರ:
ವಾಯಿದೆ ಮುಗಿಸಿಕೊಂಡು ಈಗ ಬಂದೆವು. ನಮ್ಮ ವಕೀಲರಿಗೆ ಜಾಲಿ ಜಾರ್ಜ್ ತೀರ್ಪಿನ ಪ್ರಿಂಟ್ ಕೊಟ್ಟಿದ್ದೆ. ಮೊದಲು ಬೇಜಾರು ಮಾಡಿಕೊಂಡರು, ಆಮೇಲೆ ರಾತ್ರಿ ಕೂತು ಓದಿದ್ದಾರೆ, ಕೋರ್ಟಲ್ಲಿ ಅವರೇ ಚೆನ್ನಾಗಿ ಹೇಳಿದರು. ಫೈನಾನ್ಸ್ ಕಡೆಯವರು "ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ" ಅಂದರು. ಮಗ ಜೆಡಿಆರ್ (ಡಿಕ್ರಿ ಪ್ರಕಾರ ಹಣ ಕಟ್ಟಬೇಕಾದವರು) ಅಲ್ಲವಲ್ಲ, ಇವರ ಆದಾಯಕ್ಕೆ ಏನು ದಾಖಲೆ ಇದೆ ಅಂತ ಜಡ್ಜ್ ಕೇಳಿದರು. ಅವರ ಹತ್ರ ಏನೂ ಇರಲಿಲ್ಲ. ಅಪ್ಪನ ಪಾಸ್‌ಬುಕ್ ಜಡ್ಜ್ ಕೈಯಲ್ಲಿ ಹಿಡಿದು ಹಾಳೆ ತಿರುಗಿಸಿ ನೋಡಿದರು. ಅದರಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಬಂದಿದ್ದು, ಮರುದಿನ ತೆಗೆದಿದ್ದು, ಅಷ್ಟೇ ಇದೆ. ಅಪ್ಪ ನಿಂತಿದ್ದ ಕಡೆ ಕಟಕಟೆ ಹಿಡ್ಕೊಂಡಿದ್ದರು, ಕೈ ನಡುಗುತ್ತಿತ್ತು. ಕೂತ್ಕೊಳ್ಳಿ ಅಂತ ಜಡ್ಜೇ ಹೇಳಿದರು. ದಾಖಲೆ ಕೊಡಿ ಅಂತ ಮುಂದಿನ ತಿಂಗಳಿಗೆ ವಾಯಿದೆ ಹಾಕಿದ್ದಾರೆ. ವಾರಂಟ್ ಇಲ್ಲ.

ಹೊರಗೆ ಬಂದ ಮೇಲೆ ಫೈನಾನ್ಸ್ ವಕೀಲರು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳೋಣ ಅಂದರು. ಅಪ್ಪನಿಗೂ ಕಟ್ಟಬೇಕು ಅಂತಲೇ ಇದೆ, "ಸಹಿ ಹಾಕಿದ್ದು ನಾನೇ ಅಲ್ವಾ" ಅಂತಾರೆ. ಅಸಲು ಮಾತ್ರ ಕಂತಲ್ಲಿ ಕಟ್ತೀವಿ ಅಂತ ಕೇಳಬಹುದಾ?

ಕೋರ್ಟ್_ಹಾಲ್_3:
ಧಾರಾಳವಾಗಿ ಕೇಳಿ. ಡಿಕ್ರಿ ಆದ ಮೇಲೆ ಕಂತಿಗೆ ಡಿಕ್ರಿದಾರರ ಒಪ್ಪಿಗೆ ಬೇಕು, ಈಗ ಅವರೇ ಬಂದಿದ್ದಾರೆ. ಬಾಯಿ ಮಾತಲ್ಲಿ ಬಿಡಬೇಡಿ. ಎಷ್ಟು, ಯಾವ ತಾರೀಕಿಗೆ ಅಂತ ಬರೆಸಿ. ಪ್ರತಿ ಕಂತಿಗೂ ರಸೀದಿ ತಗೊಂಡು ಕೋರ್ಟಲ್ಲಿ ದಾಖಲು ಮಾಡಿಸಿ, ದಾಖಲಾಗದ ಪಾವತಿಯನ್ನು ಇ.ಪಿ.ಯಲ್ಲಿ ಲೆಕ್ಕಕ್ಕೆ ಹಿಡಿಯಲ್ಲ. ಕೊನೇ ಕಂತು ಕಟ್ಟಿದ ದಿನ ಪೂರ್ತಿ ತೀರಿತು ಅಂತ ಮೆಮೊ ಹಾಕಿಸದೆ ಮನೆಗೆ ಬರಬೇಡಿ.

ಶೆಟ್ರು_ಕುಂದಾಪುರ:
ಕೋರ್ಟ್ ಹಾಲ್ ಸಾರ್, ಆ ಗೃಹಪ್ರವೇಶದ ಕಾಗದ ಇನ್ನೂ ನನ್ನ ಹತ್ರ ಉಂಟು. ನನ್ನ ಡಿಕ್ರಿ ಆಗಿ ಏಳು ವರ್ಷ. ಈಗ ಹಾಕಬಹುದಾ?

ಕೋರ್ಟ್_ಹಾಲ್_3:
ಹನ್ನೆರಡು ವರ್ಷದವರೆಗೆ ಇ.ಪಿ. ಹಾಕಬಹುದು ಶೆಟ್ರೇ. ಬೇರೆ ಪ್ರಶ್ನೆ ಹಾಕಿ, ಅಲ್ಲಿ ಬರೀತೀನಿ.